ಹುಳ ಬೇಕಾಗಿವೆ

ನಮ್ಮ ಬಿಳಿಗೆರೆಯ ಮಲ್ಲೇಶ ಯಾವ ಕಸುಬಿಗೆ ಕೈ ಹಾಕಿದರೂ ಆ ಕಸುಬೇ ಲೋಕದಿಂದ ಮಾಯವಾಗುತ್ತಿತ್ತು. ತಪ್ಪು ಕಾಲದ್ದು. ಆದರೆ ಕಾಲವನ್ನು ಕರೆದು ಜಗಲಿಯ ಮೇಲೆ ಕೂರಿಸಿ ಬೈಯಲು ಆಗುವುದಿಲ್ಲವಾದ್ದರಿಂದ ಊರಿನವರು ಮಲ್ಲೇಶನನ್ನೇ ಬೈದು ಸಮಾಧಾನಪಡುತ್ತಿದ್ದರು. ಅವನು ಎಸ್‌ಟಿಡಿ ಬೂತು ಇಟ್ಟ, ಊರಿಗೆಲ್ಲ ಮೊಬೈಲು ಬಂತು. ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿ ಇಟ್ಟ, ಜನ ಕೂತಲ್ಲೇ ತಾವೇ ಹಾಕಿಕೊಳ್ಳುವುದನ್ನು ಕಲಿತರು. ಮದುವೆಯ ಸಿ.ಡಿ. ಮಾಡಿಕೊಡುವ ಕೆಲಸ ಹಿಡಿದ, ಸಿ.ಡಿ. ಹಾಕುವ ಡಬ್ಬವೇ ಯಾರ ಮನೆಯಲ್ಲೂ ಉಳಿಯಲಿಲ್ಲ. ಒಮ್ಮೆ ಅವನು ಸುಮ್ಮನೆ ಮಾತಿಗೆ, "ಕೊಬ್ಬರಿ ವ್ಯಾಪಾರಕ್ಕಿಳಿದ್ರೆ ಹೆಂಗೆ?" ಎಂದದ್ದಕ್ಕೆ ಟೀ ಅಂಗಡಿಯಲ್ಲಿದ್ದವರೆಲ್ಲ ಗ್ಲಾಸು ಕೆಳಗಿಟ್ಟರು.

"ಬ್ಯಾಡ ಕಣಣ್ಣ. ನಿನ್ನ ಕಾಲಿಗೆ ಬೀಳ್ತೀವಿ. ಇಡೀ ತಾಲ್ಲೂಕು ಅದ್ರಲ್ಲೇ ಉಣ್ತಾ ಐತೆ" ಎಂದರು.

ಹೀಗಿರುವಾಗ ತಿಪಟೂರಿನ ಹೊರಗಡೆ ಸೂರ್ಯಪ್ರಕಾಶ್ ಎಂಬವರು ಒಂದು ಹೊಸ ತರಹದ ಕೇಂದ್ರ ತೆರೆದರು. ನಮ್ಮ ಕಡೆ ತೆಂಗಿನ ಗರಿಗಳಿಗೆ ಕಪ್ಪುತಲೆ ಹುಳು ಬೀಳುತ್ತದೆ. ಗರಿಯ ಹಸಿರನ್ನೆಲ್ಲ ಕೆರೆದು ತಿಂದು, ಬೆಂಕಿಗೆ ಹಿಡಿದ ಹಾಗೆ ಮರವನ್ನು ಒಣಗಿಸಿಬಿಡುತ್ತದೆ. ಅಷ್ಟೆತ್ತರದ ಮರಕ್ಕೆ ಔಷಧಿ ಹೊಡೆಯಲು ಹೋದವರ ತಲೆಯ ಮೇಲೇ ಔಷಧಿ ಬೀಳುತ್ತದೆಯೇ ಹೊರತು ಹುಳುವಿನ ಮೇಲಲ್ಲ. ಅದಕ್ಕೆ ಉಪಾಯವೆಂದರೆ ಇರುವೆಗೆ ರೆಕ್ಕೆ ಬಂದ ಹಾಗಿರುವ ಒಂದು ಪುಟ್ಟ ಕೀಟ. ಮಿತ್ರಕೀಟ ಅನ್ನುತ್ತಾರೆ. ಅದು ಹುಡುಕಿಕೊಂಡು ಹೋಗಿ ಕಪ್ಪುತಲೆ ಹುಳುವನ್ನು ಕುಟುಕಿ, ಅದರ ಮೈಮೇಲೇ ಮೊಟ್ಟೆಯಿಟ್ಟು ಮುಗಿಸಿಬಿಡುತ್ತದೆ. ಇದನ್ನು ಸಾಕಿ ರೈತರಿಗೆ ಕೊಡುವುದೇ ಆ ಕೇಂದ್ರದ ಕೆಲಸ. ದಬ್ಬೇಘಟ್ಟದಿಂದ ಹುಳಿಯಾರಿನವರೆಗೆ ಕೇಳುವವರೇ ಎಲ್ಲ. ಕೀಟಕ್ಕೆ ಬೇಡಿಕೆ ಇದೆ, ಸಾಕುವುದಕ್ಕೆ ಜನ ಇಲ್ಲ. ಡಿಗ್ರಿ ಓದಿದವರು ಕಾಗದದ ಮೇಲೆ ಕೀಟ ಬಿಡಿಸಬಲ್ಲರು, ಕೈಮೇಲೆ ಬಿಟ್ಟುಕೊಳ್ಳಲಾರರು.

ಅಲ್ಲಿನ ವಿಜ್ಞಾನಿ ಜೀವಿತಾ ಮೇಡಂ ಕೆಲಸ ಕೇಳಲು ಹೋದ ಮಲ್ಲೇಶನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಹುಳ ಮುಟ್ತೀರಾ?"

"ಮೇಡಂ, ನಾನು ಮುಟ್ಟದೆ ಬುಟ್ಟಿರೋ ಕೆಲಸಾನೇ ಇಲ್ಲ" ಎಂದ ಮಲ್ಲೇಶ. ಕೆಲಸ ಸಿಕ್ಕಿತು. ಸದ್ಯಕ್ಕೆ ತಾತ್ಕಾಲಿಕ, ಚೆನ್ನಾಗಿ ಮಾಡಿದರೆ ಖಾಯಂ.

ಈಗ ಈ ಕೆಲಸದಲ್ಲಿ ಒಂದು ಸೂಕ್ಷ್ಮವಿದೆ. ಮಿತ್ರಕೀಟ ಮೊಟ್ಟೆಯಿಡಲು ಅದಕ್ಕೊಂದು ಹುಳು ಬೇಕಲ್ಲ? ಕಪ್ಪುತಲೆ ಹುಳುವನ್ನೇ ಸಾಕಿದರೆ ಊರವರು ಕೇಂದ್ರಕ್ಕೆ ಬೆಂಕಿ ಇಟ್ಟಾರು. ಆದ್ದರಿಂದ ಅಕ್ಕಿ, ನುಚ್ಚಿನಲ್ಲಿ ಬಲೆ ಕಟ್ಟಿಕೊಂಡು ಬೆಳೆಯುವ ಬಿಳಿ ಹುಳ ಇದೆಯಲ್ಲ, ಯಾವ ತೋಟಕ್ಕೂ ಕೆಡುಕು ಮಾಡದ್ದು, ಅದನ್ನು ಸಾಕುತ್ತಾರೆ. ಜೋಳದ ನುಚ್ಚಿಗೆ ಕಡಲೆಬೀಜದ ಪುಡಿ ಬೆರೆಸಿ, ಪ್ಲಾಸ್ಟಿಕ್ ಬೇಸಿನ್ನಿಗೆ ತುಂಬಿ, ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿ, ಒಳಗೆ ಹುಳ ಬಿಟ್ಟು ಬೆಳೆಸುವುದು. ಆ ಬೇಸಿನ್ನುಗಳ ಉಸ್ತುವಾರಿ ಮಲ್ಲೇಶನದು. ಸಂಕ್ಷಿಪ್ತವಾಗಿ ಹೇಳಬೇಕೆಂದರೆ, ಜಗತ್ತಿನ ಹೆಂಗಸರೆಲ್ಲ ಮೊರ ಹಿಡಿದು ಯಾವುದನ್ನು ಮನೆಯಿಂದ ಓಡಿಸುತ್ತಿದ್ದರೋ ಅದನ್ನು ಮಗುವಿನ ಹಾಗೆ ಸಾಕುವುದಕ್ಕೆ ಮಲ್ಲೇಶನಿಗೆ ಸಂಬಳ.

ಇದನ್ನು ಮನೆಯಲ್ಲಿ ಹೇಗೆ ಹೇಳುವುದು? ಹೊನ್ನವಳ್ಳಿಯಿಂದ ಅತ್ತೆ ಸರ್ವಮಂಗಳಮ್ಮನವರ ಫೋನು ಬಂದೇ ಬಿಟ್ಟಿತು. ಅವರ ಅಡುಗೆಮನೆ ಎಷ್ಟು ಚೊಕ್ಕಟವೆಂದರೆ ನೊಣ ಕೂಡ ಬಾಗಿಲಲ್ಲಿ ಕಾಲೊರೆಸಿಕೊಂಡು ಒಳಗೆ ಹೋಗುತ್ತದೆ ಎಂದು ಬೀಗರ ಪೈಕಿ ಮಾತು.

"ಅಳೀಂದ್ರೇ, ಕೆಲಸ ಸಿಕ್ತಂತೆ. ಎಂಥದು?"

"ಆಫೀಸರ್ ಥರಾನೇ ಅನ್ಕೊಳಿ ಅತ್ತೆ. ನನ್ ಕೈಕೆಳಗೆ ಸಾವಿರಾರು ಜೀವ ಅವೆ."

ಸಂಜೆಯ ಹೊತ್ತಿಗೆ ಹೊನ್ನವಳ್ಳಿಯಲ್ಲಿ ಅಳಿಯ ಆಫೀಸರಾದ. ಮರುದಿನ ಬಿಳಿಗೆರೆಯಲ್ಲಿ ಅವನ ತಾಯಿ ಶಿವರುದ್ರಮ್ಮ ನೀರು ಹಿಡಿಯುವ ಕಡೆ ನಿಂತು, "ನಮ್ ಮಲ್ಲೇಶ ಆಫೀಸರಾದ ಮೇಲೆ ಉಪ್ಪು ಕಮ್ಮಿ ತಿಂತಾವ್ನೆ" ಎಂದು ಯಾರೂ ಕೇಳದಿದ್ದರೂ ಹೇಳಿದರು. ಹೆಂಡತಿ ನಯನಳಿಗೆ ಮಾತ್ರ ಸ್ವಲ್ಪ ಅನುಮಾನವಿತ್ತು. ಮಿತ್ರಕೀಟಗಳಿಗೆ ಹತ್ತಿಯಲ್ಲಿ ಅದ್ದಿ ಜೇನುತುಪ್ಪ ತಿನ್ನಿಸಬೇಕು, ಅದಕ್ಕೆ ಮಲ್ಲೇಶ ಅಂಗಡಿಯಿಂದ ಜೇನಿನ ಬಾಟಲಿ ತರುತ್ತಿದ್ದ.

"ಆಫೀಸಿಗೆ ಜೇನುತುಪ್ಪ ಯಾಕ್ರೀ?"

"ಕೆಳಗಿನೋರಿಗೆ ಕಣೇ. ಅವ್ರು ಬೇರೆ ಏನೂ ತಿನ್ನಲ್ಲ."

"ಯಾವ ಇಲಾಖೇರಿ ಅದು? ನಂಗೂ ಒಂದು ಅರ್ಜಿ ಹಾಕಿ" ಎಂದಳು ನಯನ.

ಎಲ್ಲವೂ ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಸೂರ್ಯಪ್ರಕಾಶ್ ಅವರಿಗೆ ಕಟ್ಟಡಕ್ಕೆ ಬಣ್ಣ ಹೊಡೆಸುವ ಮನಸ್ಸಾಯಿತು. ಬಣ್ಣದ ವಾಸನೆಗೆ ಕೀಟ ಸಾಯುತ್ತವೆ. ಮಿತ್ರಕೀಟಗಳ ಗಾಜಿನ ಕೊಳವೆಗಳನ್ನು ಜೀವಿತಾ ಮೇಡಂ ತಮ್ಮ ಮನೆಗೆ ಒಯ್ದರು. ಹುಳದ ಬೇಸಿನ್ನುಗಳನ್ನು ಇಡಲು ಕತ್ತಲಿರುವ, ಬೆಚ್ಚಗಿರುವ, ಯಾರೂ ಕೈಯಾಡಿಸದ ಜಾಗ ಬೇಕಾಗಿತ್ತು.

"ನಮ್ಮನೆ ಅಟ್ಟ ಐತೆ ಮೇಡಂ" ಎಂದ ಮಲ್ಲೇಶ, ಎದೆ ತಟ್ಟಿಕೊಂಡು.

ಅದೂ ನಿಜವೇ. ನಮ್ಮ ಕಡೆ ಕಾಯಿಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಏರಿಸಿಬಿಟ್ಟರೆ ಮುಗಿಯಿತು. ಹೆಚ್ಚುಕಡಿಮೆ ಒಂದು ವರ್ಷ ಅದು ಅಲ್ಲೇ ಕೂತು, ಒಳಗಿನ ನೀರು ಇಂಗಿ, ತಾನೇ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ಅದನ್ನು ಮಾತಾಡಿಸುವವರಿಲ್ಲ.

"ನೋಡಿ ಮಲ್ಲೇಶ್, ಸೋಮವಾರ ಬೆಳಿಗ್ಗೆ ನಾನೇ ಬಂದು ತಗೊಂಡ್ ಹೋಗ್ತೀನಿ" ಎಂದರು ಮೇಡಂ. "ಕೊಳವೇಲಿರೋ ತಾಯಿಕೀಟಗಳಿಗೆ ಅಷ್ಟೊತ್ತಿಗೆ ಹುಳ ಸಿಗಲೇಬೇಕು. ಸಿಗದಿದ್ರೆ ಈ ಸಂತಾನವೇ ಹೋಯ್ತು. ನಿಮ್ಮ ಖಾಯಂ ಆರ್ಡರೂ ಅಷ್ಟೇ."

ಮಲ್ಲೇಶ ಶುಕ್ರವಾರ ಬೇಸಿನ್ನುಗಳನ್ನು ತಂದು ಅಟ್ಟಕ್ಕೆ ಏರಿಸಿ, "ಅಮ್ಮ, ಅಟ್ಟದಲ್ಲಿ ಆಫೀಸಿಂದು ಸಾಮಾನು ಐತೆ, ಜೋಪಾನ" ಎಂದು ಹೇಳಿ, ಶನಿವಾರ ಬೆಳಿಗ್ಗೆ ಎದ್ದು ಕೊಳವೆ ತೊಳೆಯಲು ತಿಪಟೂರಿಗೆ ಹೋದ.

ಜೋಪಾನ ಎಂಬ ಮಾತನ್ನು ಶಿವರುದ್ರಮ್ಮನವರಷ್ಟು ಗಂಭೀರವಾಗಿ ತೆಗೆದುಕೊಳ್ಳುವವರು ಈ ಹೋಬಳಿಯಲ್ಲಿಲ್ಲ. ಕಾಯಿ ಅಲ್ಲಾಡಿಸಿ ನೋಡೋಣ, ಒಳಗೆ ಗೊಟಗೊಟ ಅನ್ನುತ್ತಿದೆಯೋ ಎಂದು ಅವರು ಅಟ್ಟ ಹತ್ತಿದರು. ಒಂದು ಬೂದು ಬಣ್ಣದ ಚಿಟ್ಟೆ ಮುಖದ ಮುಂದೆ ಹಾರಿತು. ಇನ್ನೊಂದು ಹಾರಿತು. ಅವರು ಬೇಸಿನ್ನಿನ ಬಟ್ಟೆ ಬಿಚ್ಚಿದರು.

ನುಚ್ಚು ಬಲೆ ಕಟ್ಟಿ ಗಂಟುಗಂಟಾಗಿತ್ತು. ಒಳಗೆ ಹುಳ ಪಿತಿಪಿತಿ ಅನ್ನುತ್ತಿದ್ದವು.

ಅವರಿಗೆ ತಕ್ಷಣ ಅರ್ಥವಾಯಿತು. ಯಾರೋ ಹೊಟ್ಟೆಕಿಚ್ಚಿನವರು ಮಗನ ವಶಕ್ಕೆ ಹುಳ ಬಿದ್ದ ನುಚ್ಚು ಕೊಟ್ಟಿದ್ದಾರೆ. ನಾಳೆ ದೊಡ್ಡವರು ಬಂದು ನೋಡಿದರೆ ಮಗನ ನೌಕರಿ ಉಳಿಯುತ್ತದೆಯೇ? ಅವರು ಅಟ್ಟದಿಂದಲೇ ಪಕ್ಕದ ಮನೆಯ ಸಿದ್ದಕ್ಕನನ್ನು ಕೂಗಿದರು. ಇಬ್ಬರೂ ಸೇರಿ ಬೇಸಿನ್ನುಗಳನ್ನೆಲ್ಲ ಕೆಳಗಿಳಿಸಿ, ತಾರಸಿಯ ಮೇಲೆ ಹಾಸಿ, ಬಿಸಿಲಿಗೆ ಬಿಟ್ಟು, ಜರಡಿ ಹಿಡಿದು, ಮೊರದಲ್ಲಿ ಕೇರಿ, ನುಚ್ಚನ್ನು ಮುತ್ತಿನ ಹಾಗೆ ಮಾಡಿದರು. ಅಳಿದುಳಿದದ್ದು ಮತ್ತೆ ಬಾರದಿರಲಿ ಎಂದು ಬೇವಿನ ಸೊಪ್ಪನ್ನೂ ಹಾಕಿದರು. ಒಬ್ಬ ತಾಯಿ ಮಗನ ನೌಕರಿಗಾಗಿ ಇದಕ್ಕಿಂತ ಹೆಚ್ಚು ಶ್ರಮಪಟ್ಟ ಉದಾಹರಣೆ ನಮಗೆ ಗೊತ್ತಿಲ್ಲ.

ಮಧ್ಯಾಹ್ನ ಮಲ್ಲೇಶ ಹಸಿದು ಬಂದ. ತಾಯಿ ಬಿಸಿಬಿಸಿ ಉಪ್ಪಿಟ್ಟು ಹಾಕಿದರು.

"ಭಾಳ ಚೆನ್ನಾಗೈತೆ ಕಣಮ್ಮ. ಏನೋ ಕಡ್ಲೆಬೀಜದ ಘಮ ಬತ್ತಾ ಐತೆ?"

"ನಾನ್ ಹಾಕಿಲ್ಲ ಕಣಪ್ಪ. ನಿಮ್ಮ ಆಫೀಸ್ನೋರೇ ಹಾಕವ್ರೆ."

ಮಲ್ಲೇಶನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಯಾವ ಆಫೀಸು?"

"ನಿಂಗೆ ಎಷ್ಟ್ ಆಫೀಸ್ ಐತ್ಲಾ? ಅಟ್ಟದಲ್ಲಿ ಇಟ್ಟಿದ್ಯಲ್ಲ ನುಚ್ಚು, ಅದೇಯ. ಒಂದು ಪಾವು ತಗೊಂಡೆ, ರುಚಿ ನೋಡೋಕೆ. ಮಿಕ್ಕಿದ್ದೆಲ್ಲ ಅಂಗೇ ಐತೆ."

"ಹುಳ?"

"ಒಂದೇ ಒಂದ್ ಇಲ್ಲ. ನೀನು ಧೈರ್ಯವಾಗಿರು. ದುರ್ಬೀನು ಹಾಕಿ ಹುಡುಕ್ಲಿ ನಿಮ್ ಮೇಡಮ್ಮು, ಸಿಗಲ್ಲ."

"ಅಮ್ಮ, ಹುಳಾನ ಏನ್ ಮಾಡ್ದೆ?"

"ನಾವು ಜೀವ ತೆಗೆಯೋ ಜನಾನಾ? ಮೊರದಲ್ಲಿ ತುಂಬ್ಕೊಂಡೋಗಿ ತಿಪ್ಪೆ ಹತ್ರ ನೆಳ್ಳಲ್ಲಿ ಬುಟ್ಟು ಬಂದೆ. ಎಲ್ಲಾದ್ರೂ ಹೋಗಿ ಬದುಕ್ಕೊಳ್ಳಿ ಅಂತ."

ಮಲ್ಲೇಶ ಎಂಜಲು ಕೈಯಲ್ಲೇ ತಿಪ್ಪೆಗೆ ಓಡಿದ. ಅಲ್ಲಿ ಸಿದ್ದಕ್ಕನ ಕೋಳಿಗಳು ಸಾಲಾಗಿ ನಿಂತು ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಮದುವೆಯ ಮೂರನೇ ಪಂಕ್ತಿ ಎದ್ದ ಹಾಗಿತ್ತು.

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಅವನು ತಾಯಿ, ಹೆಂಡತಿಯನ್ನು ಕೂರಿಸಿ ಎಲ್ಲವನ್ನೂ ಹೇಳಿದ. ನಯನ ಸೆರಗು ಬಾಯಿಗಿಟ್ಟುಕೊಂಡಳು. ಅಳುವಿಗೋ ನಗುವಿಗೋ ಹೇಳಲಾಗುವುದಿಲ್ಲ.

"ಅಂದ್ರೆ ನಿಂದು ಹುಳ ತೆಗೆಯೋ ಕೆಲಸನಾ?" ಎಂದರು ಶಿವರುದ್ರಮ್ಮ.

"ತೆಗೆಯೋದಲ್ಲ ಕಣಮ್ಮ. ಸಾಕೋದು."

ಅವರು ಬೀದಿಯ ಕಡೆ ಇಣುಕಿ ನೋಡಿದರು. ಆಮೇಲೆ, "ಬಾಗ್ಲು ಹಾಕ್ಕೊಂಡು ಹೇಳಪ್ಪ ಇಂಥದ್ನೆಲ್ಲ" ಎಂದರು.

ಆದರೆ ಮಲ್ಲೇಶ ಕೈಚೆಲ್ಲುವವನಲ್ಲ. ಲೋಕದಲ್ಲಿ ಏನೇ ಬರವಿರಲಿ, ಹುಳಕ್ಕೆ ಬರವೇ? ಕೇಂದ್ರದ ಹುಳ ಸ್ವರ್ಗದಿಂದ ಬಂದದ್ದಲ್ಲ, ಅಕ್ಕಿಯಿದ್ದ ಮನೆಯಲ್ಲೆಲ್ಲ ಇರುವಂಥದ್ದೇ. ಮನೆಗೆ ಒಂದು ಹಿಡಿ ಸಿಕ್ಕರೂ ಬೇಸಿನ್ನು ತುಂಬುತ್ತವೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅದು ಗಂಡಸಿನ ಲೆಕ್ಕ.

ಮೊದಲು ಹೋದದ್ದು ಸಿದ್ದಕ್ಕನ ಮನೆಗೆ.

"ಸಿದ್ದಕ್ಕ, ನಿಮ್ಮನೆ ಅಕ್ಕೀಲಿ ಹುಳ ಐತಾ?"

ಸಿದ್ದಕ್ಕ ಕೈಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಒರಗಿಸಿದ ರೀತಿ ಸರಿಯಿರಲಿಲ್ಲ.

"ಯಾರ್ ಹೇಳಿದ್ದು?"

"ಯಾರೂ ಹೇಳಿಲ್ಲ. ಇದ್ರೆ ಒಂಚೂರು..."

"ನಾನು ಸೊಸೆಯಾಗಿ ಬಂದು ತಲೆ ಬೆಳ್ಳಗಾಯ್ತು. ಒಂದು ಹುಳ ಈ ಹೊಸ್ಲು ದಾಟಿಲ್ಲ. ಹುಳ ಯಾರ ಮನೇಲಿದ್ವು ಅಂತ ನಿಮ್ಮವ್ವನ್ನ ಕೇಳು. ತಿಂದು ತಿಂದು ನನ್ ಕೋಳಿಗಳು ಗೂಡು ಹತ್ತೋಕಾಗ್ದೆ ಕುಂತವೆ."

ಎರಡನೆಯ ಮನೆಯಲ್ಲಿ ಅವನು ವಿನಯದಿಂದ ಕೇಳಿದ. "ತಪ್ಪು ತಿಳ್ಕೋಬೇಡಿ ಕಣ್ರಮ್ಮ, ಹುಳ ಇದ್ರೆ ಒಳ್ಳೇದೇಯ." ಬಾಗಿಲು ಹಾಕಿಕೊಂಡಿತು. ಮೂರನೆಯ ಮನೆಯಲ್ಲಿ, "ಎಲ್ಲರ ಮನೇಲೂ ಇರ್ತವೆ ಬುಡಿ" ಎಂದು ನಗುತ್ತಾ ಕೇಳಿದ. "ಎಲ್ಲರ ಮನೇಲೂ ಇದ್ರೆ ಅಲ್ಲೇ ಹೋಗಪ್ಪ, ಇಲ್ಲಿಗ್ ಯಾಕ್ ಬಂದೆ?" ಎಂದರು. ಮೂಲೆಮನೆಯ ಬೋರಕ್ಕನಂತೂ ಅವನನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಡಬ್ಬ ಡಬ್ಬ ಮುಚ್ಚಳ ತೆಗೆದು, ಅಕ್ಕಿ, ಬೇಳೆ, ರಾಗಿ, ಅವರೆಕಾಳು ಎಲ್ಲವನ್ನೂ ತೋರಿಸಿ, "ಕಣ್ಣಲ್ಲಿ ಕಣ್ಣಿಟ್ಟು ನೋಡು. ನಾಳೆ ಊರಲ್ಲಿ ಮಾತಾಡ್ಬಾರ್ದು" ಎಂದು ಪ್ರಮಾಣ ಮಾಡಿಸಿಕೊಂಡಳು. ಮಂಚದ ಕೆಳಗಿನ ಒಂದು ಡಬ್ಬವನ್ನು ಮಾತ್ರ ಕಾಲಿನಿಂದ ಹಿಂದಕ್ಕೆ ತಳ್ಳಿದಳು. ಮಲ್ಲೇಶ ಮರ್ಯಾದಸ್ಥ, ನೋಡದವನ ಹಾಗೆ ಬಂದ.

ಸಂಜೆ ಟೀ ಅಂಗಡಿಯಲ್ಲಿ ವಿಚಾರ ವಿಮರ್ಶೆಯಾಯಿತು. ಆಫೀಸರ್ ಮಲ್ಲೇಶ ಮನೆಮನೆಗೂ ಹೋಗಿ ಕಾಳು ತಪಾಸಣೆ ಮಾಡುತ್ತಿದ್ದಾನೆ. ಯಾಕೆ? ಅಕ್ಕಿಗೆ ಹುಳ ಬೀಳುವಷ್ಟು ದಿನ ಇಟ್ಟುಕೊಂಡಿದ್ದಾರೆ ಅಂದರೆ ಅವರಿಗೆ ರೇಷನ್ ಬೇಕಾಗಿಲ್ಲ ಎಂದರ್ಥ, ಕಾರ್ಡು ಕಿತ್ತುಕೊಳ್ಳುತ್ತಾರೆ ಎಂದು ಒಬ್ಬ. ಛೆ, ಹಾಗಲ್ಲ, ಹುಳ ಇಲ್ಲದ ಊರಿಗೆ ಬಹುಮಾನವಂತೆ ಎಂದು ಇನ್ನೊಬ್ಬ. ಅಷ್ಟರಲ್ಲಿ ಪಂಚಾಯ್ತಿ ಬಿಲ್ ಕಲೆಕ್ಟರ್ ಚಿತ್ತೇಶ ಬಂದ. ಅವನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ. ಅವನು ನೇರವಾಗಿ ಮಲ್ಲೇಶನನ್ನು ಹಿಡಿದು ಪಿಸುಮಾತಿನಲ್ಲಿ ಕೇಳಿದ.

"ಯಾವತ್ತೈತಣ್ಣ?"

"ಸೋಮವಾರ ಕಣ್ಲಾ. ಮೇಡಂ ಬತ್ತಾರೆ. ಅಷ್ಟೊತ್ತಿಗೆ ಹುಳದ್ದು ಒಂದು ಇತ್ಯರ್ಥ ಆಗ್ಲೇಬೇಕು. ನಂದು ಕೆಲಸದ ಪ್ರಶ್ನೆ."

"ನಿಂದು ಮಾತ್ರನಾ? ನಂದೂನೂವೆ" ಎಂದ ಚಿತ್ತೇಶ. "ನೀನು ಮನೆಗೋಗಿ ಮಲಕ್ಕೋ. ನಾನ್ ನೋಡ್ಕೊತೀನಿ."

ಭಾನುವಾರ ಬೆಳಿಗ್ಗೆ ಕಸ ಒಯ್ಯುವ ಆಟೋದ ಮೈಕು ಊರೆಲ್ಲ ಸುತ್ತಿತು: "ಸಾರ್ವಜನಿಕರಲ್ಲಿ ವಿನಂತಿ. ನಾಳೆ ದಿವಸ ಮೇಡಂರವರು ಆಗಮಿಸಲಿದ್ದು, ಎಲ್ಲರೂ ತಮ್ಮ ತಮ್ಮ ಮನೆಯ ದವಸಧಾನ್ಯಗಳನ್ನು ಸ್ವಚ್ಛವಾಗಿಟ್ಟುಕೊಂಡು ಸಹಕರಿಸಬೇಕು. ಯಾವುದೇ ಮನೆಯಲ್ಲಿ ಹುಳ ಕಂಡುಬಂದಲ್ಲಿ ಪಂಚಾಯ್ತಿ ಜವಾಬ್ದಾರಿಯಲ್ಲ."

ಮಲ್ಲೇಶ ಅಂಗಿ ಹಾಕಿಕೊಳ್ಳದೆ ಬೀದಿಗೆ ಓಡಿ ಬಂದಾಗ ಆಗಲೇ ಕಾಲ ಮಿಂಚಿತ್ತು. ಬಿಳಿಗೆರೆಯ ತಾರಸಿಗಳ ಮೇಲೆಲ್ಲ ಅಕ್ಕಿ, ಅಂಗಳದಲ್ಲೆಲ್ಲ ರಾಗಿ. ಬೇವಿನ ಮರಗಳು ಬೋಳಾದವು. ಮೊರದ ಸದ್ದು ಮಳೆ ಬಂದ ಹಾಗೆ ಕೇಳುತ್ತಿತ್ತು. ಅವನು ಆಟೋಗೆ ಅಡ್ಡ ನಿಂತು, "ಲೇ ಚಿತ್ತೇಶ, ನಿಲ್ಸೋ, ನಂಗೆ ಹುಳ ಬೇಕು ಕಣ್ಲಾ" ಎಂದ.

"ಎಷ್ಟ್ ಕಷ್ಟ ಪಡ್ತೀಯಣ್ಣ" ಎಂದ ಚಿತ್ತೇಶ, ಕರಗಿಹೋಗಿ. "ಒಂದ್ ಹುಳ ಉಳಿಯಲ್ಲ, ಬುಡು. ನಾನ್ ಗ್ಯಾರಂಟಿ."

ಸೋಮವಾರದ ಮೊದಲ ಬಸ್ಸಿಗೆ ಸರ್ವಮಂಗಳಮ್ಮ ಬಂದಿಳಿದರು. ಸುದ್ದಿ ಹೊನ್ನವಳ್ಳಿಗೆ ಬಸ್ಸಿಗಿಂತ ಮೊದಲು ಹೋಗಿತ್ತು. ಅವರು ಬೀಗರ ಮನೆಯ ಒಳಗೆ ಹೋಗದೆ ಜಗಲಿಯ ಮೇಲೇ ಕೂತರು. ನೀರು ಕೊಟ್ಟರೆ ಲೋಟದೊಳಗೆ ಇಣುಕಿ ನೋಡಿ ಕೆಳಗಿಟ್ಟರು. ಬೀದಿಯ ಹೆಂಗಸರೆಲ್ಲ ಏನೋ ಕೆಲಸವಿದ್ದ ಹಾಗೆ ಆಸುಪಾಸಿನಲ್ಲಿ ನಿಂತರು.

"ಅಳೀಂದ್ರೇ, ನೀವು ಮನೆಮನೆಗೂ ಹೋಗಿ ಹುಳ ಬೇಡ್ತಿದೀರಂತೆ" ಎಂದರು. "ನನ್ ಮಗಳು ನಿಮಗೆ ಊಟಕ್ಕೆ ಏನ್ ಹಾಕ್ತಾ ಅವ್ಳೆ?"

ಮಲ್ಲೇಶ ಒಮ್ಮೆ ತಾಯಿಯ ಮುಖ ನೋಡಿದ, ಒಮ್ಮೆ ಹುಳವಿಲ್ಲದ ಬೇಸಿನ್ನುಗಳ ಕಡೆ ನೋಡಿದ. ಇನ್ನು ಕೆಲವೇ ಹೊತ್ತಿಗೆ ಮೇಡಂ ಬರುತ್ತಾರೆ. ಸುಳ್ಳು ಹೇಳಿ ಉಳಿಸಿಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ.

"ಅತ್ತೆ, ನಾನು ಹುಳ ಸಾಕೋನು. ಅದೇ ನನ್ ಕೆಲಸ."

"ಕೈಕೆಳಗೆ ಸಾವಿರಾರು ಅವೆ ಅಂದ್ರಿ?"

"ಇದ್ವು. ಶನಿವಾರ ಕೋಳಿ ತಿಂದ್ಬುಟ್ವು."

ಬೀದಿಯಲ್ಲಿ ಕಿಸಕ್ಕೆಂದ ಸದ್ದಾಯಿತು. ಸರ್ವಮಂಗಳಮ್ಮ ಆ ಕಡೆ ತಿರುಗಿದರು. ಸದ್ದು ನಿಂತಿತು. ಮಲ್ಲೇಶನಿಗೆ ಅದೇನು ಧೈರ್ಯ ಬಂತೋ, ಶುರು ಮಾಡಿಬಿಟ್ಟ.

"ನಗಲಿ ಬುಡಿ ಅತ್ತೆ. ನಿಮ್ಮ ತೋಟದಲ್ಲಿ ಕೆರೆ ಕಡೆ ಸಾಲು ಐತಲ್ಲ, ಗರಿ ಎಲ್ಲ ಸುಟ್ಟಂಗೆ ಆಗಿ ಜೋತುಬಿದ್ದವಲ್ಲ, ಅದು ಕಪ್ಪುತಲೆ ಹುಳ. ಹೋದ್ ವರ್ಷ ಆ ಸಾಲು ಒಂದು, ಈ ವರ್ಷ ಪಕ್ಕದ್ದೂ ಹಿಡ್ಕೊಂಡೈತೆ. ಮಾವ ಎರಡು ಸಲ ಔಷಧಿ ಹೊಡೆಸಿದ್ರು, ಹೋಯ್ತಾ? ಅದನ್ನ ಕೊಲ್ಲೋ ಕೀಟ ನಮ್ಮ ಮೇಡಂ ಹತ್ರ ಐತೆ. ಆ ಕೀಟದ ಬಾಣಂತನಕ್ಕೆ ಈ ಅಕ್ಕಿಹುಳ ಬೇಕು. ನಾನು ಮಾಡೋದು ಸೂಲಗಿತ್ತಿ ಕೆಲಸ. ಇವತ್ತು ಹುಳ ಸಿಗದಿದ್ರೆ ನನ್ ಕೆಲಸ ಹೋಗ್ತೈತೆ, ಹೋಗ್ಲಿ, ನಂಗೆ ಅಭ್ಯಾಸ ಐತೆ. ಆ ಕೀಟಾನೂ ಹೋಗ್ತವೆ. ನಿಮ್ ಸಾಲೂ ಹೋಗ್ತೈತೆ."

ಕೆರೆ ಕಡೆಯ ಆ ಸಾಲು ಸರ್ವಮಂಗಳಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ, ನಯನ ಹೊಟ್ಟೆಯಲ್ಲಿದ್ದಾಗ, ಸೊಂಟದ ಮೇಲೆ ಕೊಡ ಹೊತ್ತು ನೀರುಣಿಸಿ ಬೆಳೆಸಿದ್ದು. ಅವರು ಸೊಂಟದಿಂದ ಮೊಬೈಲು ತೆಗೆದು ಗಂಡನಿಗೆ ಫೋನು ಮಾಡಿದರು. 

"ರೀ, ಕೇಳುಸ್ತಾ ಐತಾ? ದೇವರ ಕೋಣೆ ಹಿಂದೆ ಗೋಣಿಚೀಲ ಮುಚ್ಚಿ ನೀಲಿ ಡ್ರಮ್ ಇಟ್ಟಿದೀನಲ್ಲ... ಹೂಂ ಅದೇಯ... ಹೌದು, ಯಾರಿಗೂ ತೋರಿಸ್ಬೇಡಿ ಅಂತ ನಾನೇ ಅಂದಿದ್ದೆ. ಈಗ ಆಟೋಗೆ ಹಾಕ್ಕೊಂಡು ಬಿಳಿಗೆರೆಗೆ ತನ್ನಿ. ಮುಚ್ಚಳ ತೆಗೀಬೇಡಿ, ಒಳಗೆಲ್ಲ ಚಿಟ್ಟೆ ಆಗವೆ... ಅಕ್ಕಿ ಕೇರೋದ್ ಬೇಡ, ಹುಳದ ಸಮೇತವೇ ಬೇಕು... ನಂಗೆ ಬುದ್ಧಿ ನೆಟ್ಟಗೈತೆ, ನೀವು ಬನ್ನಿ."

ಫೋನು ಇಟ್ಟು ಬೀದಿಯ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡು ಹೇಳಿದರು: "ನಮ್ಮನೇಲಿ ಹುಳ ಅವೆ. ಬೇಕಾದಷ್ಟು ಅವೆ. ಉಂಡು ಮಿಕ್ಕೋ ಮನೆ ಅಂದ್ಮೇಲೆ ಇರ್ತವೆ."

ಹುಳ ಇಲ್ಲದ ಮನೆ ಅಂದರೆ ಉಂಡು ಮಿಕ್ಕದ ಮನೆ ಎಂದಂತಾಯಿತಲ್ಲ? ಅದೂ ಹೊನ್ನವಳ್ಳಿಯವರು, ಬಿಳಿಗೆರೆಯ ಬೀದಿಯಲ್ಲಿ ಕೂತು.

ಮೊದಲು ಅಲ್ಲಾಡಿದವಳು ಬೋರಕ್ಕ. "ಹೊನ್ನವಳ್ಳಿಯಿಂದ ಆಟೋ ಮಾಡ್ಕೊಂಡು ಹುಳ ತರಿಸ್ಬೇಕಾ? ಬಿಳಿಗೆರೆಗೇನ್ ಬಂದಿರೋದು?" ಎಂದವಳೇ ಮನೆಗೆ ಹೋಗಿ, ಮಂಚದ ಕೆಳಗಿನ ಡಬ್ಬವನ್ನು ಎಳೆದು ತಂದು ಜಗಲಿಯ ಮೇಲೆ ಇಟ್ಟು ಮುಚ್ಚಳ ತೆಗೆದಳು. ಅಕ್ಕಿ ಬಲೆ ಕಟ್ಟಿ ಗಡ್ಡೆಯಾಗಿತ್ತು. ಮಲ್ಲೇಶ ಒಂದು ಗಂಟನ್ನು ಬಿಡಿಸಿ ನೋಡಿದ. ಅವನ ಕಣ್ಣಲ್ಲಿ ನೀರು ಬಂತು.

"ಬೋರಕ್ಕ, ಎಂಥಾ ಹುಳ ಕಣಕ್ಕ."

"ಮತ್ತೆ?" ಎಂದಳು ಬೋರಕ್ಕ.

ಆಗ ತಿಳಿಯಿತು ಭಾನುವಾರದ ರಹಸ್ಯ. ಬಿಸಿಲಿಗೆ ಹಾಕಿದ್ದೆಲ್ಲ ಮೊದಲೇ ಚೊಕ್ಕಟವಾಗಿದ್ದ ಕಾಳು. ಹುಳ ಬಿದ್ದದ್ದನ್ನು ನೆರೆಯವರ ಕಣ್ಣೆದುರು ತಾರಸಿಗೆ ತರುವ ಹೆಂಗಸು ಯಾವ ಊರಲ್ಲಿದ್ದಾಳೆ? ಅದೆಲ್ಲ ಮಂಚದ ಕೆಳಗೆ, ಅಟ್ಟದ ಮೂಲೆಯಲ್ಲಿ, ಹಳೆಯ ಸೀರೆಯ ಗಂಟಿನಲ್ಲಿ ಕ್ಷೇಮವಾಗಿತ್ತು. ಈಗ ಒಂದೊಂದೇ ಹೊರಗೆ ಬಂತು. ಒಬ್ಬಳು ನುಚ್ಚು ತಂದಳು, ಒಬ್ಬಳು ಮಗನ ನಾಮಕರಣಕ್ಕೆಂದು ತಂದು ಮಿಕ್ಕಿದ್ದ ಅಕ್ಕಿ ತಂದಳು. ಆ ಮಗ ಈಗ ಶಾಲೆಗೆ ಹೋಗುತ್ತಿದ್ದಾನೆ.

"ಅವ್ರದು ನೋಡಿ ಸಣಕಲು. ನಮ್ದು ನೋಡಣ್ಣ, ಬೆರಳಿನಂಗೆ ಅವೆ."

"ಬೆರಳಿನಂಗೆ ಅಂತೆ. ಮೊನ್ನೆ ಯಾರೋ ಒಂದೂ ಇಲ್ಲ ಅಂದಂಗಿತ್ತು."

"ನೀನೂ ಅಂದೆ ಬುಡು."

ಮಲ್ಲೇಶ ಬೇಸಿನ್ನುಗಳನ್ನು ಸಾಲಾಗಿ ಇಟ್ಟು, ಒಂದೊಂದನ್ನೂ ಕೈಯಲ್ಲಿ ಹರಡಿ ನೋಡಿ, "ಇದು ಪಾಸು, ಇದು ಪಾಸು, ಇದು ಇನ್ನೂ ಎಳೇದು" ಎನ್ನುತ್ತಾ ಹೋದ. ಚಿತ್ತೇಶ ಎಲ್ಲಿಂದಲೋ ಬಂದು, ಯಾರೂ ಹೇಳದಿದ್ದರೂ, "ಸಾಲಾಗಿ ಬನ್ನಿ, ನೂಕ್ಬೇಡಿ" ಎಂದು ವ್ಯವಸ್ಥೆ ವಹಿಸಿಕೊಂಡ. ನಿನ್ನೆಯ ಪ್ರಕಟಣೆಯ ಬಗ್ಗೆ ಅವನು ಚಕಾರ ಎತ್ತಲಿಲ್ಲ. ಶಿವರುದ್ರಮ್ಮ ಮಾತ್ರ ಒಳಗೆ ಕಿಟಕಿಯ ಹತ್ತಿರ ಕೂತು, ಜಗಲಿಗೆ ಬರುತ್ತಿರುವ ಒಂದೊಂದು ಹುಳಕ್ಕೂ ಶಿವಶಿವಾ ಎನ್ನುತ್ತಿದ್ದರು.

ಜೀವಿತಾ ಮೇಡಂ ಸ್ಕೂಟರಿನಲ್ಲಿ ಬಂದಾಗ ಜಗಲಿಯ ಮುಂದೆ ಡಬ್ಬಗಳ ಸಾಲು ಬೀದಿಯ ತಿರುವಿನವರೆಗೆ ಇತ್ತು. ಹೊನ್ನವಳ್ಳಿಯ ನೀಲಿ ಡ್ರಮ್ಮೂ ಬಂದಿಳಿದಿತ್ತು.

"ಏನಿದು ಮಲ್ಲೇಶ್?"

"ಮೇಡಂ, ನೀವು ಕೊಟ್ಟ ಹುಳ ಕೋಳಿಪಾಲಾದ್ವು. ತಪ್ಪು ನಂದೇ, ಮನೇಲಿ ಹೇಳದೆ ಇಟ್ಟಿದ್ದೆ. ಇವು ಊರಿನೋರು ಕೊಟ್ಟಿದ್ದು" ಎಂದ ಮಲ್ಲೇಶ, ನೇರವಾಗಿ ನಿಂತುಕೊಂಡು. ಬೀದಿಯೆಲ್ಲ ಮೇಡಂ ಮುಖವನ್ನೇ ನೋಡುತ್ತಿತ್ತು. 

ಅವರು ಭೂತಗನ್ನಡಿ ತೆಗೆದು ಡಬ್ಬದಿಂದ ಡಬ್ಬಕ್ಕೆ ಹೋದರು. ಒಂದು ಹುಳವನ್ನು ಅಂಗೈಗೆ ಬಿಟ್ಟುಕೊಂಡು ತಿರುವಿ ನೋಡಿದರು. ಸರ್ವಮಂಗಳಮ್ಮನವರ ಡ್ರಮ್ಮಿನ ಹತ್ತಿರ ಹೆಚ್ಚು ಹೊತ್ತು ನಿಂತರು. ಸರ್ವಮಂಗಳಮ್ಮ ಬೇರೆ ಕಡೆ ನೋಡುತ್ತಿದ್ದರು, ಆದರೆ ಕಿವಿ ಇಲ್ಲೇ ಇತ್ತು.

"ರೋಗ ಇಲ್ಲ, ಚೆನ್ನಾಗಿ ಬಲಿತಿವೆ" ಎಂದರು ಮೇಡಂ ಕೊನೆಗೆ. "ಇವತ್ತೇ ಕೊಳವೆಗೆ ಬಿಡಬಹುದು." ಆಮೇಲೆ ಮಲ್ಲೇಶನ ಕಡೆ ತಿರುಗಿದರು. "ಹುಳ ಸಾಕೋದನ್ನ ನಾನು ಯಾರಿಗಾದ್ರೂ ಕಲಿಸ್ತೀನಿ ರೀ. ನಮ್ಮನೇಲಿ ಹುಳ ಇದೆ ಅಂತ ಇಷ್ಟು ಜನ ಹೆಂಗಸರ ಬಾಯಲ್ಲಿ ಹೇಳಿಸೋದನ್ನ ನಾನೆಲ್ಲಿ ಕಲಿಸ್ಲಿ? ನಾಳೆ ಬಂದು ಖಾಯಂ ಆರ್ಡರ್ ತಗೊಳ್ಳಿ."

ಮಲ್ಲೇಶ ನಾಳೆಯವರೆಗೆ ಕಾಯದೆ ಅಲ್ಲೇ ಎರಡು ಇಂಚು ಎತ್ತರವಾದ. ನಯನ ಒಳಗೆ ಹೋಗಿ ಎಲ್ಲರಿಗೂ ಕಾಫಿಗೆ ಇಟ್ಟಳು.

"ಮೊದಲ ಕೊಳವೆಗಳು ಎಲ್ಲಿಗೆ ಮೇಡಂ?" ಎಂದ ಮಲ್ಲೇಶ.

"ಎಲ್ಲಿ ಹುಳು ಜೋರಾಗಿದೆಯೋ ಅಲ್ಲಿಗೆ. ನೀವೇ ಹೇಳಿ, ಸುತ್ತಾಡೋದು ನೀವು."

"ಹೊನ್ನವಳ್ಳಿ, ಕೆರೆ ಕಡೆ ಸಾಲು."

ಸರ್ವಮಂಗಳಮ್ಮ ಬೆಳಿಗ್ಗೆ ಕೆಳಗಿಟ್ಟಿದ್ದ ನೀರಿನ ಲೋಟವನ್ನು ಎತ್ತಿ, ಒಳಗೆ ನೋಡದೆ, ಗಟಗಟನೆ ಕುಡಿದರು.

ಇಲ್ಲಿಗೆ ಎಲ್ಲ ಸುಖವಾಯಿತು ಎನ್ನಬಹುದಾಗಿತ್ತು. ಆದರೆ ಸಾಲಿನ ಕೊನೆಯಲ್ಲಿ ಸಿದ್ದಕ್ಕ ಉಳಿದಿದ್ದಳು. ಅವಳು ಕಂಕುಳಲ್ಲಿ ಒಂದು ಸ್ಟೀಲ್ ಡಬ್ಬ ಇಟ್ಟುಕೊಂಡು ಎಲ್ಲರನ್ನೂ ಮುಂದೆ ಬಿಟ್ಟು ಕಾದಿದ್ದಳು. ಮಲ್ಲೇಶ ಮುಚ್ಚಳ ತೆಗೆದು ನೋಡಿದ. ಕಪ್ಪಗೆ, ಮೂತಿ ಮುಂದಕ್ಕಿದ್ದ ಸಣ್ಣ ಹುಳಗಳು ಅಕ್ಕಿಯ ಮೇಲೆ ಓಡಾಡುತ್ತಿದ್ದವು.

"ಇವು ಆಗಲ್ಲ ಸಿದ್ದಕ್ಕ."

"ಯಾಕಾಗಲ್ಲ?"

"ಇವು ಕುಟ್ಟೆಹುಳ. ಗಟ್ಟಿ ಚಿಪ್ಪು, ನಮ್ಮ ಕೀಟ ಕುಟುಕೋಕಾಗಲ್ಲ. ಮೆತ್ತಗೆ ಬೆಳ್ಳಗೆ ಇರೋ ಹುಳ ಬೇಕು, ಬಲೆ ಕಟ್ಟೋವು."

"ಬೋರಕ್ಕಂದು ಆಗ್ತೈತೆ, ನಂದಾಗಲ್ವಾ? ಇನ್ನೊಂದ್ ಸಲ ನೋಡ್ಲಾ. ಭೂತಗನ್ನಡಿ ಮೇಡಮ್ಮಂಗೆ ತೋರ್ಸು."

ಮೇಡಂ ನೋಡಿ, ಅನುಕಂಪದಿಂದ ತಲೆಯಾಡಿಸಿದರು. ಬೋರಕ್ಕ ಸೆರಗಿನ ಮರೆಯಲ್ಲಿ ಏನೋ ಅಂದಳು. ಸಿದ್ದಕ್ಕ ಡಬ್ಬದ ಮುಚ್ಚಳ ಹಾಕಿದ ಸದ್ದಿಗೆ ಅವಳ ಕೋಳಿಗಳು ದಾರಿ ಬಿಟ್ಟವು.

ಅಂದು ಸಂಜೆ ಊರೆಲ್ಲ ಒಣಹಾಕಿದ ಕಾಳನ್ನು ಎತ್ತಿಡುತ್ತಿತ್ತು. ಸಿದ್ದಕ್ಕನೂ ತಾರಸಿಯಿಂದ ಅಕ್ಕಿ ಇಳಿಸಿದಳು. ಇಳಿಸಿ, ಅದರೊಳಗಿನ ಬೇವಿನ ಎಲೆಗಳನ್ನು ಒಂದೊಂದಾಗಿ ಆರಿಸಿ ಹೊರಗೆಸೆದಳು. ಮೇಲೆ ಒಂದು ಹಿಡಿ ಕಡಲೆಬೀಜದ ಪುಡಿ ಉದುರಿಸಿದಳು, ಕೈಯಲ್ಲಿ ನೀರು ಚಿಮುಕಿಸಿದಳು, ಹಳೆಯ ಪಂಚೆಯ ತುಂಡಿನಿಂದ ಬಾಯಿ ಕಟ್ಟಿ, ಅಟ್ಟದ ಕತ್ತಲೆ ಮೂಲೆಯಲ್ಲಿ ಇಟ್ಟು ಕೆಳಗಿಳಿದು, ಬೀದಿಯಲ್ಲಿ ಹೋಗುತ್ತಿದ್ದ ಮಲ್ಲೇಶನನ್ನು ತಡೆದು ನಿಲ್ಲಿಸಿದಳು.

"ಒಂದ್ ತಿಂಗ್ಳು ಟೈಮ್ ಕೊಡು" ಎಂದಳು. "ನಮ್ಮನೇಲಿ ಏನ್ ಕೊರತೆ ಅಂತ ಬರದೆ ಇರ್ತವೋ ನಾನೂ ನೋಡೇ ಬುಡ್ತೀನಿ."